ಹಳೆಯ ಜಾವಾ ಮೈಸೂರಿಗೆ ಹೋದುದು

ಬೆಂಗಳೂರಿನಿಂದ ಮೈಸೂರಿಗೆ ಹೋಗುವುದು ಈಗ ಯಾರಿಗೂ ಒಂದು ಪ್ರಯಾಣವೆನಿಸದು. ಬೆಳಗಿನ ಕಾಫಿ ಕುಡಿದು ಹೊರಟವರು ಊಟದ ಹೊತ್ತಿಗೆ ಬಹಳ ಮೊದಲೇ ಅಲ್ಲಿರುವರು. ಆದರೆ 2024ನೆಯ ಇಸವಿಯ ಜುಲೈ 14ನೆಯ ತಾರೀಖು ಭಾನುವಾರ ನಾವು ಆರು ಗಂಟೆಗೆ ಹೊರಟು, ಸಂಜೆ ನಾಲ್ಕಕ್ಕೆ ಮೈಸೂರನ್ನು ಸೇರಿದೆವು. ಇದರಿಂದ ನಮಗೆ ಲೇಶವೂ ವ್ಯಸನವಾಗಲಿಲ್ಲ. ಕಾರಣವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆವು.

ನಮ್ಮ ವಾಹನವು ತಂದೆಯವರ ಜಾವಾ ಮೋಟಾರು ಸೈಕಲ್ಲು. ಜಾವಾ ಎಂದರೆ ದ್ವೀಪದ ಹೆಸರೆಂದು ಹಲವರು ಭಾವಿಸುವುದುಂಟು, ಅದು ಹಾಗಲ್ಲ. 1929ರಲ್ಲಿ ಪ್ರಾಗ್ ನಗರದ ಜಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ ತಯಾರಿಸುವ ಹಕ್ಕನ್ನು ಪಡೆದು, ತಮ್ಮ ಹೆಸರಿನ ಮೊದಲಿನ 'ಜಾ'ವನ್ನೂ ಆ ಕಂಪನಿಯ 'ವಾ'ವನ್ನೂ ಕೂಡಿಸಿ ಈ ಹೆಸರನ್ನಿಟ್ಟರು. ನಮ್ಮ ಮೈಸೂರಿನಲ್ಲಿ 1960ರಲ್ಲಿ ಐಡಿಯಲ್ ಜಾವಾ ಕಂಪನಿಯು ಸ್ಥಾಪಿತವಾಗಿ, ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಈ ಗಾಡಿಗಳು ತಯಾರಾಗತೊಡಗಿದವು. 1973ರಿಂದ 'ಯೆಜ್ಡಿ' ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಇಷ್ಟಾದರೂ ಇವುಗಳ ಮೇಲಣ ಅಭಿಮಾನವು ಮುಗಿಯಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಎಣಿಸಿ, ಹಳೆಯ ಗಾಡಿಗಳುಳ್ಳವರು ಊರೂರುಗಳಲ್ಲಿ ಕೂಡುವರು. ನಾವು ಹೊರಟುದೂ ಆ ದಿನವೇ.

ತಂದೆಯವರು ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಅವರು ತೀರಿಕೊಂಡ ಮೇಲೆ ಗಾಡಿಯು ಇಪ್ಪತ್ತು ವರ್ಷ ದನದ ಕೊಟ್ಟಿಗೆಯಲ್ಲಿಯೇ ನಿಂತಿತ್ತು. ಗುಜರಿಯವನು ಬಂದು ಕೇಳಿದಾಗ ತಾಯಿಯವರು, "ಕೊಟ್ಟುಬಿಡು ಮಗು, ಅದನ್ನು ನೋಡಲಾರೆ" ಎಂದರು. ನಮಗೆ ಮನಸ್ಸು ಬಾರದೆ ಅದನ್ನು ಬೆಂಗಳೂರಿಗೆ ತಂದೆವು.

ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಸಂದವು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಗುಜರಿಗಳಲ್ಲಿಯೂ ಒಂದೊಂದೇ ಭಾಗವನ್ನು ಹುಡುಕಿದೆವು. ನಮ್ಮ ಮೇಸ್ತ್ರಿಗಳು ವೃದ್ಧರು. ಕಿಕ್ ಹೊಡೆಯುವ ಕಡ್ಡಿಯೇ ಗೇರು ಬದಲಿಸುವ ಕಡ್ಡಿಯೂ ಆಗಿರುವ ಈ ಯಂತ್ರದ ಚಮತ್ಕಾರವನ್ನು ಮಕ್ಕಳಿಗೆ ತೋರಿಸಿದಂತೆ ನಮಗೆ ತೋರಿಸುತ್ತಿದ್ದರು. "ಸ್ವಾಮಿ, ಈಗಿನವರ ಹಾಗೆ ಕತ್ತರಿಸಿ ಬೇರೆ ರೂಪ ಕೊಡಲೋ, ಇದ್ದಂತೆಯೇ ನಿಲ್ಲಿಸಲೋ?" ಎಂದು ಕೇಳಿದರು. ನಾವು ನಡುದಾರಿಯನ್ನು ಹಿಡಿದೆವು. ಆರು ವೋಲ್ಟಿನ ಮಂದ ದೀಪವನ್ನು ತೆಗೆದು ಹನ್ನೆರಡು ವೋಲ್ಟಿನದನ್ನು ಹಾಕಿಸಿದೆವು. ನಮ್ಮ ಬೆನ್ನುನೋವಿಗೆ ಅನುಕೂಲವಾಗುವಂತೆ ಹ್ಯಾಂಡಲನ್ನು ಎತ್ತರಿಸಿ, ಸೀಟನ್ನು ಅಗಲ ಮಾಡಿಸಿದೆವು. ಉಳಿದುದೆಲ್ಲ ಹಿಂದಿನಂತೆಯೇ ಉಳಿಯಿತು.

ಪೆಟ್ರೋಲು ಟ್ಯಾಂಕಿನ ಬಲಮಗ್ಗುಲಲ್ಲಿ ಅಂಗೈಯಷ್ಟು ದೊಡ್ಡ ತಗ್ಗೊಂದಿತ್ತು. ನಾಳೆ ಅದನ್ನು ಬಡಿದು ಸರಿಮಾಡುವರೆಂದು ತಾಯಿಯವರಿಗೆ ಫೋನಿನಲ್ಲಿ ತಿಳಿಸಲಾಗಿ, ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಅದೊಂದನ್ನು ಮುಟ್ಟಬೇಡ ಮಗು. ನೀನು ಹುಟ್ಟಿದ ರಾತ್ರಿ ಆದದ್ದು" ಎಂದರು. ಸೂಲಗಿತ್ತಿಯನ್ನು ಕರೆತರಲು ಮಳೆಯಲ್ಲಿ ಹೊರಟ ತಂದೆಯವರು ನಾಲೆಯ ಏರಿಯ ಮೇಲೆ ಜಾರಿ ಮೈಲಿಗಲ್ಲಿಗೆ ಬಿದ್ದಿದ್ದರಂತೆ. ಮೊಣಕಾಲಿನ ರಕ್ತವನ್ನು ಯಾರಿಗೂ ತೋರಿಸದೆ ಆಕೆಯನ್ನು ಹಿಂದೆ ಕೂರಿಸಿಕೊಂಡು ಬಂದರಂತೆ. ಐವತ್ತಕ್ಕೂ ಮಿಕ್ಕಿದ ನಮ್ಮ ವಯಸ್ಸಿನಲ್ಲಿ ಈ ಸಂಗತಿಯನ್ನು ಮೊದಲು ಕೇಳಿದುದು ಅಂದೇ. ಮೇಸ್ತ್ರಿಗಳಿಗೆ ಹೇಳಿದೆವು; ಅವರು ತಗ್ಗನ್ನು ಹಾಗೆಯೇ ಬಿಟ್ಟು ಅದರ ಮೇಲೆಯೇ ಬಣ್ಣ ಬಳಿದರು.

ಹೊಸ ಹೆದ್ದಾರಿಯ ನಡುದಾರಿಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದುದರಿಂದ, ಪಕ್ಕದ ದಾರಿಗಳಲ್ಲಿಯೂ ಊರೊಳಗಿನ ಹಳೆಯ ರಸ್ತೆಯಲ್ಲಿಯೂ ನಾವು ಸಾಗಿದೆವು. ರಾಮನಗರದ ಬಂಡೆಗಳ ಮೇಲೆ ಇನ್ನೂ ಮಂಜಿತ್ತು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಗೊಂಬೆಗಳ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಮದ್ದೂರಿನಲ್ಲಿ ವಡೆಯನ್ನು ತಿಂದು ಉತ್ಸಾಹ ಹೆಚ್ಚಿತು. ಅದೇ ನಮಗೆ ಮುಳುವಾಯಿತು. ಹೊಸದಾಗಿ ಕೊರೆಯಿಸಿದ ಸಿಲಿಂಡರು ಹದಕ್ಕೆ ಬರುವವರೆಗೆ ನಿಧಾನವಾಗಿ ಹೋಗಬೇಕೆಂದು ಮೇಸ್ತ್ರಿಗಳು ಎಚ್ಚರಿಸಿದ್ದರೂ ವೇಗವನ್ನು ಹೆಚ್ಚಿಸಿದೆವು. ಎರಡು ಮೈಲಿ ಹೋಗುವುದರೊಳಗೆ ಎಂಜಿನ್ನು ನರಳಿ, ಹಿಂದಿನ ಚಕ್ರವು ತಡೆದು ನಿಂತಿತು. ಪಿಸ್ಟನ್ನು ಕಾವಿಗೆ ಉಬ್ಬಿ ಸಿಲಿಂಡರನ್ನು ಕಚ್ಚಿಕೊಂಡಿತ್ತು. ತಂದೆಯವರ ಗಾಡಿಯನ್ನು ನಮ್ಮ ಕೈಯಾರೆ ಕೆಡಿಸಿದೆವಲ್ಲಾ ಎಂದು ಕಬ್ಬಿನ ಗದ್ದೆಯ ಬದುವಿನಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತೆವು.

ಆಗ ಮೂರು ಯೆಜ್ಡಿಗಳು ಬಂದವು. ಕೈಬೀಸದಿದ್ದರೂ ತಾವಾಗಿಯೇ ನಿಂತವು. ಒಬ್ಬರು ಬ್ಯಾಂಕಿನ ಗುಮಾಸ್ತರು, ಒಬ್ಬರು ಅದೇ ಸೀಮೆಯ ಕಬ್ಬಿನ ರೈತರು, ಮೂರನೆಯವರು ಇಪ್ಪತ್ತೈದರ ಒಬ್ಬ ಹೆಣ್ಣುಮಗಳು. ಆಕೆಯೇ ಕೈಹಾಕಿ, "ಆತುರ ಬೇಡ ಸಾರ್, ಮೊದಲು ತಣ್ಣಗಾಗಲಿ" ಎಂದರು. ಗಂಟೆಯ ಮೇಲೆ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದೊಳಗೆ ಎಣ್ಣೆ ಬಿಟ್ಟು, ಕಿಕ್ಕಿನ ಕಡ್ಡಿಯನ್ನು ಮೆಲ್ಲಮೆಲ್ಲನೆ ಅಲುಗಿಸಿದರು. ಅಷ್ಟರಲ್ಲಿ ರೈತರು ನಮ್ಮೆಲ್ಲರನ್ನೂ ಮನೆಗೆ ಕರೆದೊಯ್ದು ಮುದ್ದೆ ಸೊಪ್ಪಿನ ಸಾರು ಬಡಿಸಿದರು. ಹಿಂದಿರುಗಿ ಬಂದು ಪುನಃ ಅಲುಗಿಸಲು ಪಿಸ್ಟನ್ನು ಸಡಿಲಿತು. ಟ್ಯಾಂಕಿಗೆ ಇನ್ನಷ್ಟು ಎಣ್ಣೆಯನ್ನು ಬೆರೆಸಿ ಒದೆದಾಗ ಆ ಹಳೆಯ ಸದ್ದು ಮತ್ತೆ ಹೊರಟಿತು.

"ನಿಮ್ಮ ಸಭೆಗೆ ಹೊತ್ತಾಯಿತು, ಮುಂದೆ ಹೋಗಿರಿ" ಎಂದು ನಾವು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಗಂಟೆಗೆ ಮೂವತ್ತೈದು ಕಿಲೋಮೀಟರಿನಂತೆ ಒಬ್ಬರು ಮುಂದೆ, ಇಬ್ಬರು ಹಿಂದೆ, ನಡುವೆ ನಾವಾಗಿ ಮಂಡ್ಯವನ್ನು ದಾಟಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಹಾದು ಮೈಸೂರನ್ನು ಸೇರಿದೆವು. ಸಭೆ ಮುಗಿದುಹೋಗಿತ್ತು. ಮೂವರೂ ನಮ್ಮೊಡನೆ ತಂಗಿಯ ಮನೆಗೇ ಬಂದರು.

ಸದ್ದು ಕೇಳಿ ತಾಯಿಯವರು, ಯಾರೂ ಹೇಳದೆಯೇ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನೋಡಲಾರೆನೆಂದಿದ್ದವರು ಗಾಡಿಯ ಬಳಿ ನಿಂತು ಟ್ಯಾಂಕಿನ ತಗ್ಗಿನಲ್ಲಿ ಅಂಗೈಯನ್ನಿಟ್ಟರು. ಕಣ್ಣು ಒರೆಸಿಕೊಂಡು, ಬಂದವರತ್ತ ತಿರುಗಿ, "ಒಳಗೆ ಬನ್ನಿ, ಬಿಸಿಲಿನಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡಿಯಿರಿ" ಎಂದರು. ಗುಜರಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ.