ಪಾವಗಡದ ನೀರು

ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿಯಲ್ಪಟ್ಟಿರುವ ಪಾವಗಡವನ್ನು ನೋಡಬೇಕೆಂಬ ಆಸೆಯು ನನಗೆ ಬಹುದಿನಗಳಿಂದ ಇದ್ದಿತು. ಕಳೆದ ಬೇಸಗೆಯಲ್ಲಿ ಬಂಧುಗಳೊಬ್ಬರ ಆಹ್ವಾನದಿಂದ ಅದು ಕೈಗೂಡಿತು. ಮಾರ್ಗದ ಇಕ್ಕೆಲಗಳಲ್ಲಿಯೂ ಬೋಳು ಬಂಡೆಯ ಗುಡ್ಡಗಳು, ಜಾಲಿಯ ಗಿಡಗಳು. ಊರಿನ ನೆತ್ತಿಯ ಮೇಲೆ ಪಾಳೆಯಗಾರರ ಕಾಲದ ಕೋಟೆ. ಕೋಟೆಯನ್ನು ಕುರಿತು ಬರೆಯಲು ಹೊರಟವನು ನಾನು. ಆದರೆ ಲೇಖನಿಯು ಅಡಿಗೆಯ ಮನೆಯ ಕಡೆಗೇ ಎಳೆಯುತ್ತಿದೆ.

ಬೆಳಗ್ಗೆ ಸ್ನಾನಕ್ಕೆ ಕುಳಿತೆನು. ಸಾಬೂನನ್ನು ಎಷ್ಟು ಉಜ್ಜಿದರೂ ನೊರೆಯೇಳಲೊಲ್ಲದು. ಒಡೆದ ಹಾಲಿನಂತಹ ಜಿಡ್ಡು ಮಾತ್ರ ಮೈಗೆ ಅಂಟಿತು. ಮನೆಯ ಹಿರಿಯ ಗೃಹಿಣಿಯು ನಕ್ಕು, “ನಮ್ಮ ಕೊಳಾಯಿಯ ನೀರು ಗಡಸು. ಇದರಲ್ಲಿ ತೊಗರಿಬೇಳೆಯೂ ಬೇಗನೆ ಬೇಯದು” ಎಂದರು. ನೀರು ಕಾಯಿಸುವ ತಪ್ಪಲೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಪದರವು ಕಟ್ಟಿದ್ದಿತು. ಆಕೆ ಅದನ್ನು ವಾರಕ್ಕೊಮ್ಮೆ ಹುಣಿಸೆಯ ಹಣ್ಣಿನಿಂದ ತಿಕ್ಕಿ ತೆಗೆಯುವರಂತೆ.

ಮಳೆಯ ನೀರು ಸ್ವಭಾವತಃ ಮೆದುವಾದುದು. ಮಣ್ಣಿನಲ್ಲಿರುವ ಅಂಗಾರಾಮ್ಲ ವಾಯುವನ್ನು ಹೀರಿಕೊಂಡು, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಅದು ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುವುದು. ಕಾಯಿಸಿದೊಡನೆ ವಾಯುವು ಹೊರಟುಹೋಗಿ, ಕರಗಿದ್ದ ಸುಣ್ಣವು ಮರಳಿ ಕಲ್ಲಾಗಿ ಪಾತ್ರೆಗೆ ಅಂಟುವುದು. ಹುಳಿಯು ಅದನ್ನು ಮತ್ತೆ ಕರಗಿಸುವುದು. ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಕುಡಿಯಲು ಯೋಗ್ಯವೆಂದೂ, ಬೇರೆ ನೀರು ದೊರೆಯದ ಪಕ್ಷದಲ್ಲಿ 600ರ ವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಈ ಬಿಳಿಯ ಪದರವು ಪಾತ್ರೆಗೆ ಶತ್ರುವೇ ಹೊರತು ದೇಹಕ್ಕೆ ಅಷ್ಟಾಗಿ ಅಲ್ಲ.

ಅಷ್ಟರಲ್ಲಿ ಆಕೆಯ ಮೊಮ್ಮಗನು ಓಡಿಬಂದು ನಕ್ಕನು. ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳು! ನನ್ನ ಎದೆಯು ಧಸಕ್ಕೆಂದಿತು. ಈ ಸೀಮೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಇನ್ನೊಂದು ಲವಣವೂ ಸೇರಿರುವುದುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದರೆ ಎಳೆಯ ಹಲ್ಲಿಗೆ ಕೇಡು. ಬಹಳ ಹೆಚ್ಚಾಗಿ ಬಹುಕಾಲ ಸೇವಿಸಿದರೆ ಎಲುಬು ಕೀಲುಗಳೂ ಬಿಗಿಯುವುವು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇದು ಇನ್ನಷ್ಟು ದಟ್ಟವಾಗುವುದು.

“ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದಲೇ ತರುತ್ತೇವಲ್ಲ!” ಎಂದರು ಆಕೆ.

“ಅಡಿಗೆಗೆ?” ಎಂದೆನು.

ಅಡಿಗೆಗೆ ಕೊಳಾಯಿಯ ನೀರೇ. ಅನ್ನವೂ ಸಾರೂ ಹೀರಿಕೊಂಡ ನೀರು ಮಗುವಿನ ಹೊಟ್ಟೆಗೇ ಸೇರುವುದೆಂದು ತಿಳಿಸಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. “ನಾನು ಈ ಮನೆಗೆ ಬಂದಾಗ ತೆರೆದ ಬಾವಿಯಿದ್ದಿತು. ಆಗಿನವರ ಹಲ್ಲು ಹೀಗಿರಲಿಲ್ಲ” ಎಂದು ಮಾತ್ರ ಹೇಳಿದರು.

ಮರುದಿನ ಮುಂಜಾನೆ ನಾನು ಬಸ್ಸಿಗೆ ಹೊರಡುವಾಗ, ಮಗನು ಸೈಕಲ್ಲಿನ ಹಿಂದೆ ಒಂದರ ಬದಲು ಎರಡು ಕೊಡಗಳನ್ನು ಕಟ್ಟುತ್ತಿದ್ದನು.