ಟಪಾಲಜ್ಜನ ನಡಿಗೆ

ಮೊದಲು ಗೊತ್ತಾಗಿದ್ದು ಚಪ್ಪಲಿಯಿಂದ. ಡಿಸೆಂಬರ್ ರಜೆ ಮುಗಿಸಿ ಸಾಗರದಿಂದ ರಾತ್ರಿ ಬಸ್ಸಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದಿದ್ದೆ. ಹತ್ತು ಹೆಜ್ಜೆ ಹಾಕಿರಲಿಲ್ಲ, ಎಡಗಾಲಿನ ಹವಾಯಿ ಚಪ್ಪಲಿ ಹಿಂದೆಯೇ ಉಳಿದುಬಿಟ್ಟಿತು. ಮತ್ತೆ ಮೆಟ್ಟಿಕೊಂಡೆ, ಮತ್ತೆ ಉಳಿಯಿತು. ಸೀಟಲ್ಲಿ ಮುದುಡಿ ಕೂತು ಜೋಮು ಹಿಡಿದಿರಬೇಕು ಅಂದುಕೊಂಡೆ. ರೂಮಿನ ಮೆಟ್ಟಿಲು ಹತ್ತುವಾಗ ಹೆಬ್ಬೆರಳು ಅಂಚಿಗೆ ತಾಗಿ ಮುಗ್ಗರಿಸಿದೆ.

ನೋವು ಮಾತ್ರ ಇಲ್ಲವೇ ಇಲ್ಲ! ಅದೇ ಆಗಿದ್ದು ಎಡವಟ್ಟು. ನೋವಿದ್ದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡುತ್ತಿದ್ದೆ.

ನಾಲ್ಕು ದಿನ ಬಿಟ್ಟು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ "ಮೆಟ್ಟಿಲಲ್ಲಿ ಎಡವಿ ಕಾಲು ಉಳುಕಿದೆ" ಅಂದೆ. ಎಕ್ಸ್‌ರೇ ಆಯಿತು, ಮೂಳೆ ಸರಿಯಾಗಿದೆ ಅಂದರು, ಮುಲಾಮು ಕೊಟ್ಟು ಬ್ಯಾಂಡೇಜ್ ಸುತ್ತಿ ಕಳಿಸಿದರು. ಎರಡು ವಾರ ಸುತ್ತಿಕೊಂಡೇ ಓಡಾಡಿದೆ. ಅವರದ್ದೇನೂ ತಪ್ಪಿಲ್ಲ. ನಾನು ಹೇಳಿದ್ದೇ ಉಲ್ಟಾ. ಎಡವಿದ್ದಕ್ಕೆ ಕಾಲು ಕೆಟ್ಟಿರಲಿಲ್ಲ, ಕಾಲು ಕೆಟ್ಟಿದ್ದಕ್ಕೆ ಎಡವಿದ್ದೆ. ದಿನಾ ಟೆಸ್ಟಿಂಗ್ ಟೀಮಿನವರ ಮೇಲೆ "ಕಂಡಿದ್ದನ್ನ ಮಾತ್ರ ಬರೀರಿ, ಕಾರಣ ನಾವು ಹುಡುಕ್ತೀವಿ" ಅಂತ ರೇಗುವ ನಾನು, ಡಾಕ್ಟರ ಮುಂದೆ ಕೂತ ತಕ್ಷಣ ಕಾರಣವನ್ನೇ ಹೇಳಿಬಿಟ್ಟಿದ್ದೆ.

ಒಂದು ರಾತ್ರಿ ಆಫೀಸಲ್ಲಿ ಯಾರೂ ಇರಲಿಲ್ಲ. ನೀರು ತರೋಕೆ ಎದ್ದು ಹೋಗುವಾಗ ಉದ್ದ ಕಾರಿಡಾರಿನಲ್ಲಿ ನನ್ನ ಹೆಜ್ಜೆ ನನಗೇ ಕೇಳಿಸಿತು. ಬಲಗಾಲು ಸುಮ್ಮನೆ, ಎಡಗಾಲು ಟಪ್.. ಬಲಗಾಲು ಸುಮ್ಮನೆ, ಎಡಗಾಲು ಟಪ್.. ಬಾಟಲಿ ಹಿಡಿದು ಅಲ್ಲೇ ನಿಂತೆ. ಈ ಸದ್ದು ನನಗೆ ಗೊತ್ತು. ಇದು ಟಪಾಲಜ್ಜನ ನಡಿಗೆ.

ಟಪಾಲಜ್ಜ ಯಾರಿಗೂ ಟಪಾಲು ಕೊಟ್ಟವನಲ್ಲ. ಸುಗ್ಗಿಯಲ್ಲಿ ನಮ್ಮನೆಗೆ ಅಡಿಕೆ ಸುಲಿಯೋಕೆ ಬರುತ್ತಿದ್ದ ಮುದುಕ. ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಪಾದವನ್ನು ಟಪ್ ಅಂತ ನೆಲಕ್ಕೆ ಬಡಿದು ನಡೆಯುತ್ತಿದ್ದ. ಹೆಸರಿಟ್ಟವರು ನಾವು ಮಕ್ಕಳು. ಅವನ ಹಿಂದೆ ಸಾಲಾಗಿ ಟಪ್ ಟಪ್ ಅಂತ ನಡೆದು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಮರುದಿನವೇ ನರರೋಗ ತಜ್ಞರ ಹತ್ತಿರ ಹೋದೆ. ಈ ಸಲ ಕಾರಣ ಏನೂ ಹೇಳಲಿಲ್ಲ. "ಪಾದ ಮೇಲಕ್ಕೆ ಏಳ್ತಿಲ್ಲ, ನೋವಿಲ್ಲ, ಪಾದದ ಮೇಲ್ಭಾಗ ಮರಗಟ್ಟಿದ ಹಾಗಿದೆ" ಅಂದೆ ಅಷ್ಟೇ. ತುದಿಗಾಲಲ್ಲಿ ನಡೆಸಿದರು, ನಡೆದೆ. ಹಿಮ್ಮಡಿಯಲ್ಲಿ ನಡೀರಿ ಅಂದರು, ಎಡಗಾಲು ಆಗಲಿಲ್ಲ. ಪಾದವನ್ನು ಒಳಕ್ಕೆ ತಿರುಗಿಸೋಕೆ ಹೇಳಿ ಕೈಯಿಂದ ಅಡ್ಡ ಒತ್ತಿ ನೋಡಿದರು, ಅದಕ್ಕೆ ಬಲ ಇತ್ತು. "ಹಾಗಾದ್ರೆ ಬೆನ್ನಿನ ಡಿಸ್ಕ್ ಇರಲಿಕ್ಕಿಲ್ಲ" ಅಂದರು. ಮೊಣಕಾಲಿನ ಕೆಳಗೆ, ಹೊರಬದಿಗೆ, ಗಂಟಿನ ಹಾಗೆ ಸಿಗುವ ಮೂಳೆಯ ಹತ್ತಿರ ಬೆರಳಿಂದ ಬಡಿದಾಗ ಪಾದದವರೆಗೆ ಕರೆಂಟ್ ಹೊಡೆದಂತಾಯಿತು. ಆಮೇಲೆ ಅಂಗಿ ಬಿಚ್ಚಿಸಿ ಬೆನ್ನು, ತೋಳು ಎಲ್ಲಾ ನೋಡಿ, "ಮೈಮೇಲೆ ಎಲ್ಲಾದ್ರೂ ಸ್ಪರ್ಶ ಗೊತ್ತಾಗದ ಮಚ್ಚೆ ಇದೆಯಾ?" ಅಂತ ಕೇಳಿದರು.

ಯಾಕೆ ಸಾರ್ ಅಂದೆ. ಕುಷ್ಠದಲ್ಲೂ ಇದೇ ನರ ಊದಿಕೊಂಡು ಪಾದ ಜೋತುಬೀಳಬಹುದು, ನಮ್ಮ ದೇಶದಲ್ಲಿ ಅದನ್ನ ನೋಡದೆ ಬಿಡೋ ಹಾಗಿಲ್ಲ ಅಂದರು. ನನಗೆ ಅದಿರಲಿಲ್ಲ. ಆದರೆ ಆ ಎರಡು ನಿಮಿಷ ಎದೆ ಹೊಡೆದುಕೊಂಡಿದ್ದು ಈಗಲೂ ನೆನಪಿದೆ.

ನರದಲ್ಲಿ ಕರೆಂಟ್ ಹರಿಸಿ ನೋಡುವ ಪರೀಕ್ಷೆಯೂ ಆಯಿತು. ಮೊಣಕಾಲಿನ ಹತ್ತಿರ ಸಿಗ್ನಲ್ ಕುಂಟುತ್ತಿತ್ತು. ಅಲ್ಲಿ ಪೆರೋನಿಯಲ್ ಅನ್ನೋ ನರ ಮೂಳೆಯನ್ನು ಸುತ್ತಿಕೊಂಡು ಚರ್ಮದ ಕೆಳಗೇ ಹಾದುಹೋಗುತ್ತದಂತೆ. ಹೊಟ್ಟೆ ಕರಗಿಸ್ತೀನಿ ಅಂತ ನಾಲ್ಕು ತಿಂಗಳಲ್ಲಿ 9 ಕೆಜಿ ಇಳಿಸಿದ್ದೆ, ಆ ನರಕ್ಕಿದ್ದ ಕೊಬ್ಬಿನ ಮೆತ್ತೆಯೂ ಕರಗಿತ್ತು. ಆಫೀಸಲ್ಲಿ ಕಾಲ ಮೇಲೆ ಕಾಲು ಹಾಕಿಯೇ ಕೂರೋದು. ಊರಲ್ಲಿ ಎರಡು ದಿನ ಕುಕ್ಕರುಗಾಲಲ್ಲಿ ಕೂತು ಅಡಿಕೆ ಆರಿಸಿದ್ದೆ, ಊಟಕ್ಕೆ ಕರೆದಾಗಲೇ ಏಳುತ್ತಿದ್ದಿದ್ದು. ಮೂರೂ ಸೇರಿ ನರ ಅಮುಕಿಹೋಗಿತ್ತು. "ವೈರ್ ತುಂಡಾಗಿಲ್ಲ, ಮೇಲಿನ ಪ್ಲಾಸ್ಟಿಕ್ ಹೋಗಿದೆ ಅಂದ್ಕೊಳ್ಳಿ" ಅಂದರು ಡಾಕ್ಟರು. ತುಂಡಾಗಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆದು ಬರಬೇಕಂತೆ. ಪಾದ ಎತ್ತಿ ಹಿಡಿಯುವ ಒಂದು ಪಟ್ಟಿ, ದಿನಾ ವ್ಯಾಯಾಮ, ಕಾಲ ಮೇಲೆ ಕಾಲು ಹಾಕೋದು ಬಂದ್.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಒಣಗಿ ಕಡ್ಡಿ ಆಗಿದೀಯ ಅಂತ ಆವತ್ತೇ ಹೇಳಿರ್ಲಿಲ್ವಾ" ಅಂತ ಬೈದಳು. ಆಮೇಲೆ ಕೇಳಿದೆ, ಟಪಾಲಜ್ಜನ ಕಾಲಿಗೆ ಏನಾಗಿತ್ತಮ್ಮ?

"ಯಾರು ಕೇಳಿದ್ರು ಮಾರಾಯ? ಹಂಗೇ ಇದ್ದ."

ಅಪ್ಪ ಫೋನ್ ಇಸಕೊಂಡರು. "ಮೊದ್ಲಿಂದ ಹಂಗಿರ್ಲಿಲ್ಲ. ಮರ ಹತ್ತಿ ಕೊನೆ ತೆಗೀತಿದ್ದ. ಕಾಲು ಸೋತ ಮೇಲೆ ಸುಲಿಯೋಕೆ ಬರೋಕೆ ಶುರು ಮಾಡ್ದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋವು ಅಂತ ಯಾವತ್ತೂ ಅಂದವನಲ್ಲ ನೋಡು" ಅಂದರು.

ಅವನಿಗೂ ನೋವಿರಲಿಲ್ಲವೇನೋ, ನನ್ನ ಹಾಗೇ. ಅಮುಕಿದ ನರವೋ, ಡಿಸ್ಕೋ, ಕುಷ್ಠವೋ.. ಅಜ್ಜ ಹೋಗಿ ಹತ್ತು ವರ್ಷದ ಮೇಲಾಯಿತು, ಇನ್ನು ಗೊತ್ತಾಗುವುದಿಲ್ಲ. ಕುಷ್ಠವೇ ಆಗಿದ್ದರೂ ಅದಕ್ಕೆ ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಹಿಮ್ಮಡಿಯಲ್ಲಿ ನಡಿ ಅನ್ನೋಕೆ ಯಾವ ಮಷೀನೂ ಬೇಕಿರಲಿಲ್ಲ. ಅವನ ಹಿಂದೆ ಸಾಲಾಗಿ ನಡೆದ ನಾವಷ್ಟು ಜನರಲ್ಲಿ, ಅಂಗಳದಲ್ಲಿ ಕೂತು ಲೆಕ್ಕ ಬರೆದ ದೊಡ್ಡವರಲ್ಲಿ, ಯಾರಿಗೂ ಅದು ಕಾಯಿಲೆ ಅಂತ ಅನ್ನಿಸಿರಲಿಲ್ಲ. ಅದು ಅವನ ನಡಿಗೆ, ಅಷ್ಟೇ.

ನಿಮ್ಮಲ್ಲಿ ಯಾರಿಗಾದರೂ ಪಾದ ಎಳೆಯುತ್ತಿದ್ದರೆ, ಚಪ್ಪಲಿ ಜಾರುತ್ತಿದ್ದರೆ, ನೋವಿಲ್ಲ ಅಂತ ಬಿಡಬೇಡಿ. ಎರಡೂ ಕಾಲು ಒಟ್ಟಿಗೆ ಸೋತರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಓಡಿ.

ನನಗೀಗ ಮೂರು ತಿಂಗಳಾಗುತ್ತಾ ಬಂತು. ಹೆಬ್ಬೆರಳು ಮೇಲೇಳುತ್ತಿದೆ, ಟಪ್ ಸದ್ದು ತಗ್ಗಿದೆ. ನಿನ್ನೆ ಹವಾಯಿ ಚಪ್ಪಲಿ ಹಾಕಿಕೊಂಡು ಹಾಲಿನಂಗಡಿಗೆ ಹೋಗಿಬಂದೆ. ಹೋಗುವಾಗ ಒಂದು ಸಲ ಜಾರಿತು. ಬರುವಾಗ ಇಲ್ಲ.