ಸೇಲಂನಲ್ಲಿ ಅಂಗಡಿಯಲ್ಲ, ಪೇಟೆ ಕೇಳಿ

ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದ ಸೇಲಂಗೆ ಹೋಗುವವರಲ್ಲಿ ಅನೇಕರು ಏರ್ಕಾಡು ಬೆಟ್ಟ ಹತ್ತುವ ಅವಸರದಲ್ಲಿ ಹೆದ್ದಾರಿ ಬದಿಯ ಮಳಿಗೆಯಲ್ಲೇ ಖರೀದಿ ಮುಗಿಸುತ್ತಾರೆ. ಅದು ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಊರಿನಲ್ಲಿ ಒಂದೊಂದು ಸರಕಿಗೂ ಅದರದೇ ಪೇಟೆಯಿದೆ. ಬೆಳ್ಳಿ ಕಾಲ್ಗೆಜ್ಜೆ ಬೇಕಿದ್ದರೆ ಶೆವ್ವಾಪೇಟೆ. ಮಂಗಳವಾರದ ಸಂತೆಯಿಂದ ಬಂದ ಹೆಸರದು. ಕೈಮಗ್ಗದ ನಂಟು ಅಮ್ಮಾಪೇಟೆಯ ಕಡೆ, ಸೀರೆಯ ಸಗಟು ವ್ಯಾಪಾರ ಸ್ವಲ್ಪ ದೂರದ ಇಳಂಪಿಳ್ಳೈಯಲ್ಲಿ. ಸರಕು ತಯಾರಾಗುವ ಜಾಗಕ್ಕೆ ಹತ್ತಿರವಾದಷ್ಟೂ ಆಯ್ಕೆ ಹೆಚ್ಚು, ಪ್ರಶ್ನೆ ಕೇಳಿದರೆ ಉತ್ತರ ಹೇಳಬಲ್ಲವರೂ ಸಿಗುತ್ತಾರೆ. ಸೇಲಂ ವೆಣ್‌ಪಟ್ಟು ಎಂಬ ಬಿಳಿ ರೇಷ್ಮೆಗೂ ಇಲ್ಲಿನ ಜವ್ವರಿಸಿಗೂ, ಅಂದರೆ ನಮ್ಮ ಸಾಬೂದಾನಿಗೂ, ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ.

ಗೊತ್ತಿಲ್ಲದ ಊರು, ಬಾರದ ಭಾಷೆ, ಮೋಸ ಹೋದರೆ ಎಂಬ ಅಳುಕು ಸಹಜ. ಆದರೆ ಇಲ್ಲಿನ ದೇವಾಂಗ ಸಮುದಾಯದ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಆಡುವುದು ಕನ್ನಡವೇ. ಧೈರ್ಯವಾಗಿ ಕನ್ನಡದಲ್ಲಿ ಕೇಳಿ ನೋಡಿ. ರೇಷ್ಮೆಯ ಶುದ್ಧತೆಗೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಅಷ್ಟಾದರೂ ಅನುಮಾನ ಉಳಿದರೆ 1935ರಲ್ಲಿ ಹುಟ್ಟಿದ ನೇಕಾರರ ಸಹಕಾರ ಸಂಸ್ಥೆ ಕೋ-ಆಪ್ಟೆಕ್ಸ್‌ನ ಮಳಿಗೆಯಲ್ಲಿ ಮೊದಲು ಬೆಲೆ ತಿಳಿದುಕೊಂಡು ಆಮೇಲೆ ಪೇಟೆಗೆ ಹೋಗಬಹುದು. ಓಡಾಟದಲ್ಲಿ ಗೊಂದಲವಾಗುವುದು ಒಂದೇ ಕಡೆ: ಹೊರ ಊರಿನ ಬಸ್ಸುಗಳು ಹೊಸ ಬಸ್ ನಿಲ್ದಾಣಕ್ಕೆ, ನಗರದ ಬಸ್ಸುಗಳು ಹಳೇ ನಿಲ್ದಾಣಕ್ಕೆ, ರೈಲು ಜಂಕ್ಷನ್ ಇರುವುದು ಎರಡಕ್ಕೂ ದೂರವಾಗಿ, ಸೂರಮಂಗಲಂನಲ್ಲಿ. ಆಟೋ ಹತ್ತುವಾಗ ಬರೀ ‘ಬಸ್ ಸ್ಟ್ಯಾಂಡ್’ ಅನ್ನಬೇಡಿ, ಹಳೇದೋ ಹೊಸದೋ ಹೇಳಿ.